1799ರ ಶ್ರೀರಂಗಪಟ್ಟಣದ ಲಗ್ಗೆಯನ್ನು ಮೇಜಿನ ಮೇಲೆ ಕಟ್ಟುವುದು: ಅಳತೆ, ಸಾಮಗ್ರಿ, ನಿಯಮಗಳ ಬಗ್ಗೆ ಸಲಹೆ ಬೇಕು

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಪುಟಾಣಿ ಸೈನಿಕರ ಬೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸ ನನಗೆ ಕೆಲವು ವರ್ಷಗಳಿಂದ ಇದೆ. ಬಿಡುವಾದಾಗ ಗೆಳೆಯರ ಜೊತೆ ವಾರ್‌ಗೇಮ್, ಅಂದರೆ ಆ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದ ಆಟ, ಆಡುವುದೂ ಉಂಟು. ಇದುವರೆಗೆ ನಾವು ಆಡಿದ್ದು ನೆಪೋಲಿಯನ್ ಕಾಲದ ಯುರೋಪಿನ ಯುದ್ಧಗಳು, ಇಲ್ಲವೆ ವಾರ್‌ಹ್ಯಾಮರ್‌ನಂತಹ ಕಲ್ಪಿತ ಲೋಕದ ಆಟಗಳು. ಈಗ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಡೆದ ಲಗ್ಗೆಯನ್ನು ಮೇಜಿನ ಮೇಲೆ ಕಟ್ಟಿ ಆಡಬೇಕೆಂದು ನಿರ್ಧರಿಸಿದ್ದೇವೆ. ನಾನು ಮೈಸೂರಿನವನಾದ್ದರಿಂದ ಸ್ಥಳ ನೋಡಿಕೊಂಡು ಬರುವುದು ಕಷ್ಟವಾಗಲಿಲ್ಲ. ಕೋಟೆಯ ಪಶ್ಚಿಮ ತುದಿಯಲ್ಲಿ, 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭದ ಬಳಿ ನಿಂತು ನೋಡಿದರೆ ಸೈನಿಕರು ಯಾವ ಬಂಡೆಗಳ ನಡುವೆ ನದಿಯನ್ನು ದಾಟಿರಬೇಕೆಂಬುದು ಚೆನ್ನಾಗಿಯೇ ಅರ್ಥವಾಗುತ್ತದೆ.

ನನ್ನ ಮೊದಲ ಗೊಂದಲ ಅಳತೆಯದು. ನಮ್ಮಲ್ಲಿರುವ ಬೊಂಬೆಗಳೆಲ್ಲ 28 ಮಿಲಿಮೀಟರಿನವು. ಮೇಜು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ್ದು. ಅದರಲ್ಲಿ ನದಿ, ಕಂದಕ, ಕೋಟೆ ಮೂರನ್ನೂ ಹಿಡಿಸಲು ಸಾಧ್ಯವೆ? ಎರಡನೆಯದಾಗಿ, ಬೇಸಿಗೆಯ ಕಾವೇರಿಯ ಬಂಡೆಗಲ್ಲಿನ ಪಾತ್ರವನ್ನು ತೋರಿಸಲು ಇಲ್ಲಿನ ಅಂಗಡಿಗಳಲ್ಲಿ ಸಿಗುವ ಸಾಮಗ್ರಿಗಳಲ್ಲಿ ಯಾವುದು ಸೂಕ್ತ? ಕೊನೆಯದಾಗಿ, ಫಲಿತಾಂಶ ಎಲ್ಲರಿಗೂ ಗೊತ್ತಿರುವ, ಅದೂ ಅಷ್ಟು ಬೇಗ ಮುಗಿದುಹೋದ ಕಾಳಗವನ್ನು ಇಬ್ಬರು ಕುಳಿತು ಆಡುವಂತಹ ಆಟವಾಗಿ ರೂಪಿಸುವುದು ಹೇಗೆ?

ಬತೇರಿ:

ಕಾವೇರಿತೀರ ಅವರೇ, ಅಳತೆಯ ಪ್ರಶ್ನೆ ಇತ್ಯರ್ಥವಾದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಲೆಕ್ಕ ಹಾಕಿ ನೋಡಿ. ಲಗ್ಗೆ ನಡೆದ ಜಾಗದಲ್ಲಿ ನದಿಯ ಪಾತ್ರದ ಅಗಲ ಕಾಲು ಕಿಲೋಮೀಟರಿನ ಆಸುಪಾಸಿನಲ್ಲಿತ್ತು. 28 ಮಿಲಿಮೀಟರಿನ ಬೊಂಬೆಗೆ ಹೊಂದುವ 1:56ರ ಅಳತೆಯಲ್ಲಿ ನದಿಯೊಂದಕ್ಕೇ ಸುಮಾರು ನಾಲ್ಕೂವರೆ ಮೀಟರ್ ಬೇಕು. 1:72ಕ್ಕೆ ಇಳಿದರೂ ಮೂರೂವರೆ ಮೀಟರ್. 6 ಮಿಲಿಮೀಟರಿನ ಬೊಂಬೆಗಳಿಗೆ ಹೊಂದುವ 1:300ರಲ್ಲಿ ಮಾತ್ರ ಅದು 83 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ, ಆದರೆ ಆಗಲೂ ನಿಮ್ಮ ಮೇಜಿನ ಅರ್ಧದಷ್ಟನ್ನು ನೀರೇ ನುಂಗಿರುತ್ತದೆ.

ಆದ್ದರಿಂದ ಈ ಹವ್ಯಾಸದಲ್ಲಿ ಎಲ್ಲರೂ ಮಾಡುವ ರಾಜಿಯನ್ನು ನೀವೂ ಮಾಡಿಕೊಳ್ಳಿ: ಬೊಂಬೆ ಮತ್ತು ಗೋಡೆಯ ಎತ್ತರ 1:300ರಲ್ಲಿರಲಿ, ನೆಲದ ಅಳತೆ 1:600ರಲ್ಲಿರಲಿ. ಆಗ ನದಿ 42 ಸೆಂಟಿಮೀಟರ್ ಆಗುತ್ತದೆ; ದಂಡೆಯ ಮೇಲಿನ ಬ್ರಿಟಿಷ್ ಕಂದಕಗಳಿಗೆ ಒಂದು ಗೇಣಿನಷ್ಟು ಜಾಗ ಬಿಟ್ಟರೂ ಕೋಟೆಯ ಒಳಭಾಗಕ್ಕೆ ಮೇಜಿನಲ್ಲಿ 1 ಮೀಟರಿಗೂ ಹೆಚ್ಚು ಉಳಿಯುತ್ತದೆ. ಎಂದರೆ ಗೋಡೆ ಒಡೆದ ವಾಯವ್ಯ ಮೂಲೆಯಿಂದ ಹೊರಟು ಉತ್ತರದ ಗೋಡೆಯ ಉದ್ದಕ್ಕೂ 700 ಮೀಟರಿನಷ್ಟು ಕಾಳಗಕ್ಕೆ ಅವಕಾಶ ಸಿಗುತ್ತದೆ. ಟಿಪ್ಪು ಸುಲ್ತಾನ್ ಹೋರಾಡಿದ್ದೂ ಮಡಿದದ್ದೂ ಆ ಕಡೆಯಲ್ಲೇ ಆದ್ದರಿಂದ ಉತ್ತರದ ಗೋಡೆಯಿಲ್ಲದ ಶ್ರೀರಂಗಪಟ್ಟಣವನ್ನು ಕಟ್ಟುವುದರಲ್ಲಿ ಅರ್ಥವಿಲ್ಲ. ಹೀಗೆ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಫಿರಂಗಿ ಹೊಡೆತಕ್ಕೆ ಕೋಟೆಗೋಡೆಯಲ್ಲಿ ಬಿದ್ದ ಒಡಕು ಸುಮಾರು 30 ಮೀಟರ್ ಅಗಲದ್ದು. ನಿಮ್ಮ ಮೇಜಿನ ಮೇಲೆ ಅದು 5 ಸೆಂಟಿಮೀಟರ್. ಬೊಂಬೆಗಳನ್ನು 40 ಮಿಲಿಮೀಟರ್ ಅಗಲದ ತಳಗಳ ಮೇಲೆ ಅಂಟಿಸಿದರೆ ಒಂದು ಸಲಕ್ಕೆ ಒಂದೇ ತುಕಡಿ ಆ ಒಡಕಿನಲ್ಲಿ ನುಗ್ಗಬಲ್ಲದು. ಅದಕ್ಕೆಂದು ಪ್ರತ್ಯೇಕ ನಿಯಮ ಬರೆಯುವ ಅಗತ್ಯವೇ ಬೀಳುವುದಿಲ್ಲ, ನೆಲವೇ ಆ ಕೆಲಸವನ್ನು ಮಾಡುತ್ತದೆ.

ಮೇಜನ್ನು ಒಂದೇ ಹಲಗೆಯಾಗಿ ಕಟ್ಟಬೇಡಿ. ಎರಡು ಅಡಿ ಚೌಕದ ಆರು ಹಲಗೆಗಳನ್ನು ಮಾಡಿಕೊಂಡರೆ ಆಟ ಮುಗಿದ ಮೇಲೆ ಮಂಚದ ಕೆಳಗೆ ತಳ್ಳಿಡಬಹುದು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಾಳೆಯ ಒಂದೇ ಬದಿಗೆ ನೀರು ಬೆರೆಸಿದ ಫೆವಿಕಾಲ್ ಬಳಿದರೆ ಒಣಗುವಾಗ ಅದು ಬಿಲ್ಲಿನಂತೆ ಬಾಗುತ್ತದೆ. ಎರಡೂ ಬದಿಗೆ ಮೊದಲೇ ಬಣ್ಣ ಹೊಡೆದುಬಿಡಿ.

ಇನ್ನು ಗೋಡೆಗಳಿಗೆ ಪ್ಯಾಕಿಂಗ್‌ಗೆ ಬಳಸುವ ಬಿಳಿ ಥರ್ಮಾಕೋಲ್ ಬೇಡ. ಕೊಯ್ದ ಕಡೆಯೆಲ್ಲ ಕಾಳುಕಾಳಾಗಿ ಉದುರುತ್ತದೆ. ತಾರಸಿಗೆ ಬಿಸಿಲಿನ ತಡೆಯಾಗಿ ಹಾಕುವ ಎಕ್ಸ್‌ಪಿಎಸ್ ಫೋಮ್ ಹಾಳೆಗಳನ್ನು ಇನ್ಸುಲೇಷನ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. 25 ಮಿಲಿಮೀಟರ್ ದಪ್ಪದ ಹಾಳೆ 1:300ರಲ್ಲಿ ಏಳೂವರೆ ಮೀಟರ್ ಎತ್ತರದ ಗೋಡೆಯಾಗುತ್ತದೆ, ನಮಗೆ ಅಷ್ಟು ಸಾಕು. ಕಲ್ಲಿನ ವರಸೆಗಳನ್ನು ಮುಗಿದುಹೋದ ಬಾಲ್‌ಪೆನ್ನಿನ ಮೊನೆಯಿಂದ ಒತ್ತಿ ಗೀರಿ. ಆಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಅದರ ಮೇಲೆ ಉರುಳಿಸಿದರೆ ಕಣಶಿಲೆಯ ಒರಟುತನ ತಾನಾಗಿ ಮೂಡುತ್ತದೆ.

ಮರದಹೊಟ್ಟು:

ಬತೇರಿ ಅವರು ಅಳತೆಯ ಬಗ್ಗೆ ಹೇಳಿದ್ದಕ್ಕೆ ನನ್ನ ಸಹಮತವಿದೆ. ನದಿಯ ಬಗ್ಗೆ ಮಾತ್ರ ನಾಲ್ಕು ಮಾತು ಸೇರಿಸುತ್ತೇನೆ.

ನೀರು ಎಂದ ಕೂಡಲೇ ಎಪಾಕ್ಸಿ ರೆಸಿನ್ ತಂದು ಸುರಿಯುವುದು ಈಗಿನ ರೂಢಿ. ಈ ದೃಶ್ಯಕ್ಕೆ ಅದು ಬಹುಮಟ್ಟಿಗೆ ಅನಗತ್ಯ. ಮೇ ತಿಂಗಳ ಮೊದಲ ವಾರದಲ್ಲಿ, ಮುಂಗಾರಿಗೆ ಮುಂಚೆ, ಕಾವೇರಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತದೆ; ಅಂದು ಸೈನಿಕರು ದೋಣಿಯಿಲ್ಲದೆ ನಡೆದೇ ದಾಟಿದ್ದು ಅದಕ್ಕೇ. ಆದ್ದರಿಂದ ಮೊದಲು ಬಂಡೆ, ಆಮೇಲೆ ನೀರು. ಕಟ್ಟಡ ಕೆಲಸ ನಡೆಯುವ ಕಡೆ ಒಂದು ಬೊಗಸೆ ಎಂ-ಸ್ಯಾಂಡ್ ಕೇಳಿ ತನ್ನಿ. ಅದು ಕಲ್ಲನ್ನು ಪುಡಿ ಮಾಡಿ ತಯಾರಿಸಿದ ಮರಳಾದ್ದರಿಂದ ಅದರ ಕಣಗಳಿಗೆ ಮೂಲೆ, ಮುಖಗಳು ಇರುತ್ತವೆ. ಉರುಟಾದ ಹೊಳೆಮರಳಿನಲ್ಲಿ ಈ ಗುಣವಿಲ್ಲ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಮೇಲುಳಿದ ದಪ್ಪ ಕಣಗಳು 6 ಮಿಲಿಮೀಟರಿನ ಸೈನಿಕನ ಸೊಂಟದೆತ್ತರದ ಬಂಡೆಗಳಾಗುತ್ತವೆ, ಕೆಳಗಿಳಿದ ಪುಡಿ ದಂಡೆಯ ಮಣ್ಣಿಗೆ ಆಗುತ್ತದೆ. ಕಡು ಕಂದು ಬಣ್ಣ ಬಳಿದು, ಒಣಗಿದ ನಂತರ ಬೂದು ಬಣ್ಣವನ್ನು ಬ್ರಷ್‌ಗೆ ಹಚ್ಚಿಕೊಂಡು, ಅದನ್ನು ಬಟ್ಟೆಗೆ ಬಹುಪಾಲು ಒರೆಸಿಬಿಟ್ಟು, ಉಳಿದಷ್ಟರಲ್ಲೇ ಮೇಲುಮೇಲೆ ತೀಡಬೇಕು. ಬಂಡೆಯ ನೆತ್ತಿಗಳು ಮಾತ್ರ ಬೆಳ್ಳಗಾಗಿ, ಸಂದುಗಳಲ್ಲಿ ಕಪ್ಪು ಉಳಿಯುತ್ತದೆ.

ಬಂಡೆಗಳ ನಡುವಿನ ಕಾಲುವೆಗಳಿಗೆ ಹಸಿರು ಬೆರೆತ ಕಂದು ಬಣ್ಣ ಹೊಡೆದು ಹೊಳಪಿನ ವಾರ್ನಿಷ್ ಎರಡು ಕೋಟ್ ಹಚ್ಚಿದರೆ ಸಾಕು. ರೆಸಿನ್ ಬೇಕೇ ಬೇಕೆಂದರೆ 2-3 ಮಿಲಿಮೀಟರಿನ ತೆಳು ಪದರಗಳಲ್ಲಿ, ಒಂದು ಪೂರ್ತಿ ಗಟ್ಟಿಯಾದ ಮೇಲೆ ಇನ್ನೊಂದರಂತೆ ಸುರಿಯಿರಿ. ಒಟ್ಟಿಗೆ ಹೆಚ್ಚು ಸುರಿದರೆ ಅದು ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಕೆಳಗಿನ ಫೋಮ್ ಕುಗ್ಗಿಹೋಗುತ್ತದೆ. ಸ್ಪ್ರೇ ಪೇಂಟ್ ಮತ್ತು ರಬ್ಬರ್ ಆಧಾರದ ಅಂಟುಗಳ ದ್ರಾವಕವೂ ಫೋಮನ್ನು ತಿನ್ನುತ್ತದೆ. ಗೋಡೆಗೆ ಹೊಡೆಯುವ ಸಾಧಾರಣ ಎಮಲ್ಷನ್ ಬಣ್ಣವೇ ಕ್ಷೇಮ. ಬಿಸಿ ತಂತಿಯಿಂದ ಫೋಮ್ ಕೊಯ್ಯುವುದಾದರೆ ಕಿಟಕಿ ತೆರೆದಿಟ್ಟುಕೊಳ್ಳಿ, ಆ ಹೊಗೆ ಒಳ್ಳೆಯದಲ್ಲ.

ಹುಲ್ಲಿಗೆ ಬಣ್ಣ ಹಾಕಿದ ಮರದ ಹೊಟ್ಟು, ಪೊದೆಗೆ ಒಣಗಿದ ಹೀರೆಕಾಯಿಯ ನಾರು. ಮೈಸೂರಿನವರಾದ ನಿಮಗೆ ಬೊಂಬೆ ಹಬ್ಬದ ಪಾರ್ಕಿನಂತೆ ರಾಗಿ ಪೈರನ್ನೇ ಬೆಳೆಸುವ ಆಸೆ ಹುಟ್ಟಬಹುದು, ದಯವಿಟ್ಟು ಬೇಡ. ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬುತ್ತದೆ.

ದಾಳಗಾರ:

ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಹಾಸನದವನು. ಇಲ್ಲಿನ ಕ್ಲಬ್ಬಿನಲ್ಲಿ ಐತಿಹಾಸಿಕ ಕಾಳಗಗಳನ್ನು ಆಡುತ್ತೇವೆ. ನಿಮ್ಮ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು.

ಕೋಟೆ ಬೀಳುತ್ತದೆಯೋ ಇಲ್ಲವೋ ಎಂಬುದನ್ನು ಆಟದ ಪ್ರಶ್ನೆಯನ್ನಾಗಿ ಮಾಡಿಕೊಂಡರೆ ಬ್ರಿಟಿಷರ ಕಡೆಯ ಆಟಗಾರ ಪ್ರತಿ ಸಲವೂ ಗೆದ್ದು, ಇನ್ನೊಬ್ಬರು ಎರಡನೆಯ ಸಲ ಆಡಲು ಬರುವುದಿಲ್ಲ. ಎಷ್ಟು ಹೊತ್ತಿನಲ್ಲಿ, ಎಷ್ಟು ಬೆಲೆ ತೆತ್ತು ಬೀಳುತ್ತದೆ ಎಂಬುದನ್ನು ಪ್ರಶ್ನೆಯಾಗಿಸಿ. ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ಸೈನ್ಯದಲ್ಲಿ ದವಸಧಾನ್ಯ ಮುಗಿಯುತ್ತ ಬಂದಿತ್ತು. ಮಳೆ ಹಿಡಿದು ಕಾವೇರಿ ತುಂಬಿದರೆ ಲಗ್ಗೆಯ ಮಾತೇ ಇರಲಿಲ್ಲ. ಆ ದಿನ ಸೋತರೆ ಮತ್ತೆ ಪ್ರಯತ್ನಿಸಲು ಅವನಿಗೆ ಹೆಚ್ಚು ಕಾಲವಿರಲಿಲ್ಲ ಎಂಬ ಒತ್ತಡವನ್ನು ಸರದಿಗಳ ಮಿತಿಯಾಗಿ ತನ್ನಿ. ಮೈಸೂರಿನ ಆಟಗಾರನಿಗೆ, ಉತ್ತರದ ಗೋಡೆಯ ಮೇಲಿನ ಪ್ರತಿ ಅಡ್ಡಗೋಡೆಯನ್ನು ಒಂದೊಂದು ಸರದಿ ಹೆಚ್ಚು ಹಿಡಿದಿಟ್ಟುಕೊಂಡದ್ದಕ್ಕೆ ಅಂಕ ಕೊಡಿ. ಇತಿಹಾಸದಲ್ಲೂ ಒಡಕನ್ನು ಹತ್ತಿ ಎಡಕ್ಕೆ ತಿರುಗಿದ ಬ್ರಿಟಿಷ್ ದಳ ಅಲ್ಲಿಯೇ ತಡೆದು ನಿಂತಿತು. ಬಲಕ್ಕೆ, ಅಂದರೆ ದಕ್ಷಿಣದ ಗೋಡೆಯ ಮೇಲೆ ಹೋದ ದಳಕ್ಕೆ ಅಷ್ಟು ಪ್ರತಿರೋಧ ಎದುರಾಗಲಿಲ್ಲ.

ಎರಡನೆಯ ಉಪಾಯ ತೀರ್ಪುಗಾರನದು. 1824ರಲ್ಲಿ ಪ್ರಷ್ಯಾದ ಸೈನ್ಯ ಅಧಿಕಾರಿಗಳ ತರಬೇತಿಗೆ ಸ್ವೀಕರಿಸಿದ ಕ್ರೀಗ್ಸ್‌ಪೀಲ್ ಆಟದಲ್ಲಿ ಇಬ್ಬರೂ ಆಟಗಾರರಿಗೆ ಎಲ್ಲವೂ ಕಾಣುತ್ತಿರಲಿಲ್ಲ. ಪೂರ್ತಿ ಚಿತ್ರ ತೀರ್ಪುಗಾರನ ಬಳಿ ಮಾತ್ರ ಇರುತ್ತಿತ್ತು. ಶ್ರೀರಂಗಪಟ್ಟಣಕ್ಕೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಒಡಕನ್ನು ಹತ್ತಿದವರಿಗೆ ಎದುರಾದದ್ದು ಒಳಗಿನ ಇನ್ನೊಂದು ಕಂದಕ ಮತ್ತು ಇನ್ನೊಂದು ಗೋಡೆ. ಮೊದಲ ತುಕಡಿ ಒಡಕಿನ ನೆತ್ತಿಗೆ ಬರುವವರೆಗೂ ಒಳಭಾಗದ ಹಲಗೆಗಳ ಮೇಲೆ ಬಟ್ಟೆ ಹೊದಿಸಿಡಿ. ಒಳಗಂದಕವನ್ನು ದಾಟಬಹುದಾದ ಜಾಗ ಎಲ್ಲಿದೆಯೆಂಬುದನ್ನು ತೀರ್ಪುಗಾರ ಆಟಕ್ಕೆ ಮುಂಚೆ ಗುಟ್ಟಾಗಿ ಬರೆದಿಟ್ಟುಕೊಳ್ಳಲಿ. ಅಂದು ಕೆಲವು ಸೈನಿಕರು ಒಳಗೋಡೆಯ ಮೇಲೇರಿ ಪಕ್ಕದಿಂದ ಗುಂಡು ಹಾರಿಸಿದ ಮೇಲೆಯೇ ಉತ್ತರದ ಅಡ್ಡಗೋಡೆಗಳ ರಕ್ಷಣೆ ಸಡಿಲಗೊಂಡಿತು.

ಟಿಪ್ಪುವಿನ ಮಂತ್ರಿ ಮೀರ್ ಸಾದಿಕನ ದ್ರೋಹವನ್ನು ಒಂದು ಕಾರ್ಡಾಗಿ ಮಾಡಿ ಆಟಕ್ಕೆ ತರಬೇಕೆಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಆ ಕಥನ ಎಷ್ಟೇ ಜನಪ್ರಿಯವಾಗಿದ್ದರೂ ನನ್ನ ಅಭಿಪ್ರಾಯದಲ್ಲಿ ಅದು ಕೆಟ್ಟ ನಿಯಮ: ಒಂದು ಕಾರ್ಡಿನಿಂದ ಸೋತ ಆಟಗಾರನಿಗೆ ತಾನು ಮಾಡಿದ ಯಾವ ನಿರ್ಧಾರಕ್ಕೂ ಬೆಲೆಯಿರಲಿಲ್ಲ ಎನಿಸುತ್ತದೆ. ಬದಲಿಗೆ ಸಮಯವನ್ನು ನೋಡಿ. ಲಗ್ಗೆ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಸುಡುಬಿಸಿಲಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು ಟಿಪ್ಪುವಿನ ದಳಪತಿ ಸಯ್ಯದ್ ಗಫಾರ್ ಫಿರಂಗಿ ಗುಂಡಿಗೆ ಬಲಿಯಾಗಿದ್ದ. ಆ ಹೊತ್ತಿನಲ್ಲಿ ರಕ್ಷಕರು ಸನ್ನದ್ಧರಾಗಿರಲಿಲ್ಲ ಎಂಬುದನ್ನು ತೋರಿಸಲು ಮೈಸೂರಿನ ಅರ್ಧದಷ್ಟು ತುಕಡಿಗಳು ಗೋಡೆಯಿಂದ ದೂರದಲ್ಲಿ ಆಟ ಆರಂಭಿಸಲಿ, ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದಾಗ ಮಾತ್ರ ಹೊರಡಲಿ. ಯಾವ ತುಕಡಿಯನ್ನು ಮೊದಲು ಎಬ್ಬಿಸಬೇಕೆಂಬ ಆಯ್ಕೆ ಆಟಗಾರನ ಕೈಯಲ್ಲಿರುತ್ತದೆ.

ನಿಮ್ಮ 28 ಮಿಲಿಮೀಟರಿನ ಬೊಂಬೆಗಳು ವ್ಯರ್ಥವಾಗಬೇಕಿಲ್ಲ. ಅದೇ ಮುತ್ತಿಗೆಯ ಸಂದರ್ಭದಲ್ಲಿ, ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ನಡೆದ ಚಕಮಕಿಗೆ ಅವೇ ಸರಿ. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಅಲ್ಲಿ ಕತ್ತಲಲ್ಲಿ ಕಾಲುವೆ, ಮರಗಳ ನಡುವೆ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದೆ ಸರಿಯಬೇಕಾಯಿತು. ಮಾರನೆಯ ದಿನ ಬೆಳಕಿನಲ್ಲಿ ಹೆಚ್ಚಿನ ಪಡೆ ಬಂದಾಗಲೇ ತೋಪು ಬ್ರಿಟಿಷರ ಕೈಗೆ ಸಿಕ್ಕಿತು. ನಾಲ್ಕು ಅಡಿ ಚೌಕದ ಮೇಜು, ಇಬ್ಬರಿಗೂ ಗೆಲ್ಲುವ ಅವಕಾಶ. ನನ್ನನ್ನು ಕೇಳಿದರೆ ಮೊದಲು ಇದನ್ನೇ ಆಡಿ.

ಕಾವೇರಿತೀರ:

ಮೂವರಿಗೂ ಧನ್ಯವಾದಗಳು. ಸುಲ್ತಾನ್‌ಪೇಟೆಯ ತೋಪಿನಿಂದಲೇ ಆರಂಭಿಸುತ್ತೇವೆ. ಕೋಟೆಯನ್ನು 1:600ರ ನೆಲದಳತೆಯಲ್ಲಿ ನಿಧಾನವಾಗಿ ಕಟ್ಟುತ್ತೇವೆ. ಎರಡು ಸಣ್ಣ ಸಂಶಯಗಳು ಉಳಿದಿವೆ. ತೋಪಿನ ಆಟದಲ್ಲಿ ಮೈಸೂರಿನ ರಾಕೆಟ್‌ಗಳನ್ನು ತೋರಿಸುವುದು ಹೇಗೆ? ಮತ್ತು ಮಳೆಗಾಲದಲ್ಲಿ ಈ ಹಲಗೆಗಳಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?

ಬತೇರಿ:

ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದವಲ್ಲ, ಅವುಗಳ ಕಬ್ಬಿಣದ ನಳಿಗೆಗಳು ಮುಕ್ಕಾಲು ಅಡಿಯಿಂದ ಒಂದು ಅಡಿ ಉದ್ದದವು. 28 ಮಿಲಿಮೀಟರಿನ ಬೊಂಬೆಯ ಪಕ್ಕದಲ್ಲಿ ಅದು ನಾಲ್ಕೈದು ಮಿಲಿಮೀಟರ್. ಪೊರಕೆಕಡ್ಡಿಯ ತುದಿಗೆ ತಂತಿಯ ಹೊದಿಕೆಯ ಒಂದು ತುಣುಕು ಸಿಕ್ಕಿಸಿದರೆ ರಾಕೆಟ್ ಸಿದ್ಧ. ಹಾರುತ್ತಿರುವುದನ್ನು ತೋರಿಸಲು ತೆಳು ತಂತಿಗೆ ಹತ್ತಿ ಸುತ್ತಿ, ಬುಡಕ್ಕೆ ಕಿತ್ತಳೆ ಬಣ್ಣ ತಾಗಿಸಿ. ನಿಯಮ ಸರಳವಾಗಿರಲಿ: ಗುರಿಯಿಟ್ಟ ಜಾಗದಿಂದ ಎಡಕ್ಕೋ ಬಲಕ್ಕೋ ಎಷ್ಟು ಇಂಚು ಸರಿಯಿತೆಂದು ದಾಳ ಹೇಳಲಿ, ಬಿದ್ದ ಕಡೆ ಸಾವುನೋವು ಕಡಿಮೆ, ಆದರೆ ಹತ್ತಿರದ ತುಕಡಿಗಳೆಲ್ಲ ಧೈರ್ಯದ ಪರೀಕ್ಷೆಗೆ ಒಳಗಾಗಲಿ, ಕತ್ತಲಲ್ಲಿ ಇನ್ನೂ ಕಠಿಣವಾಗಿ.

ಬೂಷ್ಟು ಬರುವುದು ಹೆಚ್ಚಾಗಿ ಮರದ ಹೊಟ್ಟು ಪೂರ್ತಿ ಒಣಗದೆ ಇರುವಾಗಲೇ ಪೆಟ್ಟಿಗೆಯಲ್ಲಿಟ್ಟರೆ. ಈ ಬೇಸಿಗೆಯಲ್ಲೇ ಅಂಟಿಸುವ ಕೆಲಸ ಮುಗಿಸಿ, ಬಿಸಿಲಿಗೆ ನೇರವಾಗಿ ಒಡ್ಡದೆ ಗಾಳಿಯಲ್ಲಿ ಚೆನ್ನಾಗಿ ಆರಿಸಿ, ಮೇಲೆ ನೀರಿನಾಧಾರದ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಹಲಗೆಗಳನ್ನು ಒಂದರ ಮೇಲೊಂದು ಒತ್ತಿಡಬೇಡಿ, ನಡುವೆ ಗಾಳಿಯಾಡಲು ಮೂಲೆಗಳಲ್ಲಿ ಮರದ ತುಂಡು ಕೊಡಿ.