ಲ್ಯಾಬಿನ ವರ್ಚುವಲ್ ಮಷಿನ್‌ಗಳ ನೆಟ್‌ವರ್ಕನ್ನು ಸ್ಕ್ರಿಪ್ಟ್‌ನಿಂದ ನಿಭಾಯಿಸುವುದು: ಪ್ರಶ್ನೋತ್ತರ

ಪ್ರಶ್ನೆ (ಲ್ಯಾಬ್ ಬೋಧಕಿ, ದಾವಣಗೆರೆ):
ನಮಸ್ಕಾರ ಸರ್. ನಮ್ಮ ಲ್ಯಾಬಿನಲ್ಲಿ 24 ಉಬುಂಟು ಕಂಪ್ಯೂಟರ್‌ಗಳಿದ್ದು, ಪ್ರತಿಯೊಂದರಲ್ಲೂ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ) ಹಾಕಿ ಎರಡೆರಡು ವರ್ಚುವಲ್ ಮಷಿನ್‌ಗಳನ್ನು (ವಿಎಂ) ಇಟ್ಟಿದ್ದೇವೆ. ಬೆಳಗ್ಗೆ ಆನ್ ಮಾಡಿದ ಕೂಡಲೇ 48 ವಿಎಂಗಳೂ ಒಟ್ಟಿಗೆ ಅಪ್‌ಡೇಟ್ ಇಳಿಸಿಕೊಳ್ಳತೊಡಗುವುದರಿಂದ ಇಡೀ ಕಾಲೇಜಿನ ಇಂಟರ್‌ನೆಟ್ ತೆವಳುತ್ತದೆ. ತರಗತಿಯ ಹೊತ್ತಿನಲ್ಲಿ ವಿಎಂಗಳಿಗೆ ಹೊರಗಿನ ಸಂಪರ್ಕ ಇರಬಾರದು, ಸಂಜೆ 5ರ ನಂತರ ಇರಬೇಕು. ಎರಡು ವಿಎಂಗಳ ನಡುವಿನ ಸಂಪರ್ಕ ಮಾತ್ರ ಯಾವಾಗಲೂ ಉಳಿಯಬೇಕು. ಇದಕ್ಕಾಗಿ ವಿಎಂನ ಸೆಟ್ಟಿಂಗ್ ಬದಲಾಯಿಸುವ ಮಾಡಿಫೈವಿಎಂ ಆಜ್ಞೆಯಿಂದ ಮೊದಲ ನೆಟ್‌ವರ್ಕ್ ಅಡಾಪ್ಟರನ್ನು ತೆಗೆಯುವ ಸ್ಕ್ರಿಪ್ಟ್ ಬರೆದೆ. ಓಡಿಸಿದರೆ, ಮಷಿನ್ ಈಗಾಗಲೇ ಲಾಕ್ ಆಗಿದೆ ಎಂಬ ದೋಷ ಬರುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ (ಸಿಸ್ಟಂ ಅಡ್ಮಿನ್, ಚಿತ್ರದುರ್ಗ):
ನಮಸ್ಕಾರ ಮೇಡಂ. ಮಾಡಿಫೈವಿಎಂ ಇರುವುದು ನಿಂತಿರುವ ವಿಎಂಗಾಗಿ. ಓಡುತ್ತಿರುವ ವಿಎಂಗೆ ಕಂಟ್ರೋಲ್‌ವಿಎಂ ಬಳಸಬೇಕು. ಅಡಾಪ್ಟರನ್ನು ತೆಗೆಯುವ ಅಗತ್ಯವೂ ಇಲ್ಲ. ವಿಬಾಕ್ಸ್‌ಮ್ಯಾನೇಜ್ ಕಂಟ್ರೋಲ್‌ವಿಎಂ ಎಂದು ಬರೆದು, ವಿಎಂ ಹೆಸರನ್ನು ಕೊಟ್ಟು, ಸೆಟ್‌ಲಿಂಕ್‌ಸ್ಟೇಟ್1 ಆಫ್ ಎಂದರೆ ಮೊದಲ ಅಡಾಪ್ಟರಿನ ಕೇಬಲನ್ನು ಕೈಯಿಂದ ಕಿತ್ತಂತೆಯೇ ಆಗುತ್ತದೆ; ಆನ್ ಎಂದರೆ ಮರಳಿ ಚುಚ್ಚಿದಂತೆ. ಮೊದಲ ಅಡಾಪ್ಟರನ್ನು ನ್ಯಾಟ್‌ನಲ್ಲಿಯೂ (ಹೋಸ್ಟ್ ಕಂಪ್ಯೂಟರಿನ ಮೂಲಕ ಇಂಟರ್‌ನೆಟ್‌ಗೆ ಹೋಗುವ ದಾರಿ) ಎರಡನೆಯದನ್ನು ಹೋಸ್ಟ್-ಓನ್ಲಿಯಲ್ಲಿಯೂ (ಆ ಕಂಪ್ಯೂಟರ್ ಮತ್ತು ಅದರ ವಿಎಂಗಳ ನಡುವಿನ ಒಳ ನೆಟ್‌ವರ್ಕ್) ಇಟ್ಟರೆ, ಹೊರಗಿನ ದಾರಿಯನ್ನು ಮುಚ್ಚಿದರೂ 192.168.56 ಸರಣಿಯ ಒಳಗಿನ ಸಂಪರ್ಕ ಅಲುಗಾಡುವುದಿಲ್ಲ, ವಿಎಂಗೆ ಲಾಗಿನ್ ಆಗಲು ವಿದ್ಯಾರ್ಥಿ ತೆರೆದಿಟ್ಟ ಎಸ್‌ಎಸ್‌ಎಚ್ ಕಿಟಕಿಯೂ ಮುಚ್ಚಿಹೋಗುವುದಿಲ್ಲ.

ಸ್ಕ್ರಿಪ್ಟ್‌ನಲ್ಲಿ ವಿಎಂಗಳನ್ನು ಹೆಸರಿನ ಬದಲು ಯುಯುಐಡಿಯಿಂದ (ಪ್ರತಿ ವಿಎಂಗೂ ಇರುವ ವಿಶಿಷ್ಟ ಗುರುತು ಸಂಖ್ಯೆ) ಕರೆಯಿರಿ. ‘ಸರ್ವರ್ 1’ ಎಂಬಂತೆ ನಡುವೆ ಜಾಗ ಬಿಟ್ಟ ಹೆಸರಿದ್ದರೆ, ಶೆಲ್ ಲೂಪ್ ಅದನ್ನು ಎರಡು ಹೆಸರುಗಳೆಂದು ಓದಿ ಎರಡರಲ್ಲಿಯೂ ಸೋಲುತ್ತದೆ.

ಮರುಪ್ರಶ್ನೆ (ಲ್ಯಾಬ್ ಬೋಧಕಿ):
ಧನ್ಯವಾದ ಸರ್, ಟರ್ಮಿನಲ್‌ನಲ್ಲಿ ಸರಿಯಾಗಿ ಕೆಲಸ ಮಾಡಿತು. ಆದರೆ ಅದನ್ನೇ ರೂಟ್‌ನ (ಅಡ್ಮಿನ್ ಖಾತೆಯ) ಕ್ರಾನ್‌ಟ್ಯಾಬ್‌ಗೆ, ಅಂದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪಟ್ಟಿಗೆ, ಬೆಳಗ್ಗೆ 9.30ಕ್ಕೆ ಎಂದು ಹಾಕಿದರೆ ಏನೂ ನಡೆಯುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಕರೆಂಟ್ ಹೋಗಿ ಬಂದ ದಿನಗಳಲ್ಲಂತೂ ಯಾವ ವಿಎಂ ಯಾವ ಸ್ಥಿತಿಯಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ಉತ್ತರ:
ಮೊದಲನೆಯದರ ಕಾರಣ ಸರಳ. ವರ್ಚುವಲ್‌ಬಾಕ್ಸ್ ವಿಎಂಗಳ ಪಟ್ಟಿಯನ್ನು ಬಳಕೆದಾರರಿಗೆ ಒಂದೊಂದರಂತೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ರೂಟ್‌ನ ಪಟ್ಟಿ ಖಾಲಿ ಇರುವುದರಿಂದ ನಿಮ್ಮ ಲೂಪ್ ಒಂದು ಸುತ್ತೂ ತಿರುಗದೆ ಮುಗಿಯುತ್ತದೆ, ದೋಷ ಬರುವ ಪ್ರಶ್ನೆಯೇ ಇಲ್ಲ. ವಿಎಂಗಳನ್ನು ಯಾವ ಖಾತೆಯಿಂದ ಓಡಿಸುತ್ತೀರೋ ಅದೇ ಖಾತೆಯ ಕ್ರಾನ್‌ಟ್ಯಾಬ್‌ಗೆ ಸ್ಕ್ರಿಪ್ಟನ್ನು ಹಾಕಿ.

ಎರಡನೆಯದು ಹೆಚ್ಚು ಮುಖ್ಯ, ಇಲ್ಲಿ ಸ್ಕ್ರಿಪ್ಟ್‌ನ ಸ್ವರೂಪವನ್ನೇ ಬದಲಾಯಿಸಬೇಕು. 9.30ಕ್ಕೆ ಒಮ್ಮೆ ಆಫ್ ಎಂದು ಹೇಳಿ ಸುಮ್ಮನಾಗುವ ಸ್ಕ್ರಿಪ್ಟ್, ಕರೆಂಟ್ ಬಂದ ಮೇಲೆ 10.15ಕ್ಕೆ ಆನ್ ಆದ ವಿಎಂ ಕಡೆಗೆ ನೋಡುವುದೇ ಇಲ್ಲ. ಅದರ ಬದಲು, ಈ ಹೊತ್ತಿನಲ್ಲಿ ಕೇಬಲ್ ಹೇಗಿರಬೇಕು ಎಂದು ಗಡಿಯಾರ ನೋಡಿ ತೀರ್ಮಾನಿಸುವ ಸ್ಕ್ರಿಪ್ಟ್ ಬರೆದು, ಅದನ್ನು 10 ನಿಮಿಷಕ್ಕೊಮ್ಮೆ ಓಡಿಸಿ. ಅದು ಲಿಸ್ಟ್ ರನ್ನಿಂಗ್‌ವಿಎಂಸ್ ಆಜ್ಞೆಯಿಂದ ಓಡುತ್ತಿರುವ ವಿಎಂಗಳನ್ನು ತಿಳಿದುಕೊಂಡು, ಷೋವಿಎಂಇನ್ಫೋ ಆಜ್ಞೆಗೆ ಮಷಿನ್‌ರೀಡಬಲ್ ಆಯ್ಕೆ ಸೇರಿಸಿ ಕೇಬಲ್‌ಕನೆಕ್ಟೆಡ್1 ಸಾಲನ್ನು ಓದಿ, ಇರಬೇಕಾದ ಸ್ಥಿತಿಗೂ ಇರುವ ಸ್ಥಿತಿಗೂ ವ್ಯತ್ಯಾಸವಿದ್ದರೆ ಮಾತ್ರ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಅದೇ ಸಾಲನ್ನು ಮತ್ತೊಮ್ಮೆ ಓದಿ, ಫಲವನ್ನು ಲಾಗರ್ ಆಜ್ಞೆಯ ಮೂಲಕ ಸಿಸ್‌ಲಾಗ್‌ಗೆ (ಸಿಸ್ಟಂನ ದಾಖಲೆಗೆ) ಬರೆಯಬೇಕು. ಈ ಎರಡನೆಯ ಓದನ್ನು ದಯವಿಟ್ಟು ಬಿಡಬೇಡಿ. ಆಜ್ಞೆ ಕೊಟ್ಟಿದ್ದೇನೆ, ಆದ್ದರಿಂದ ಆಗಿದೆ ಎಂದು ನಂಬಿ ನಾನೇ ಒಂದು ವಾರ ತಪ್ಪು ಜಾಗದಲ್ಲಿ ಹುಡುಕಿದ್ದೇನೆ.

ಸಂಜೆ 5ಕ್ಕೆ ಎಲ್ಲವೂ ಒಟ್ಟಿಗೆ ತೆರೆದುಕೊಂಡರೆ ಬೆಳಗಿನ ತೊಂದರೆಯೇ ಸಂಜೆಗೆ ವರ್ಗವಾಗುತ್ತದೆ. ಒಂದೊಂದು ಕಂಪ್ಯೂಟರಿನಲ್ಲಿ ತೆರೆಯುವ ಸಮಯವನ್ನು ಕೆಲವು ನಿಮಿಷ ಹಿಂದೆ ಮುಂದೆ ಮಾಡಿ. ಸಾಧ್ಯವಾದರೆ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ (ಒಮ್ಮೆ ಇಳಿಸಿದ ಪ್ಯಾಕೇಜನ್ನು ಉಳಿಸಿಟ್ಟು ಉಳಿದವಕ್ಕೆ ಹಂಚುವ ತಂತ್ರಾಂಶ) ಹಾಕಿ, ವಿಎಂಗಳು ಅದರ ಮೂಲಕವೇ ಅಪ್‌ಡೇಟ್ ಪಡೆಯುವಂತೆ ಮಾಡಿ. ಒಂದೇ ಪ್ಯಾಕೇಜ್ 48 ಬಾರಿ ಹೊರಗಿನಿಂದ ಬರುವುದು ತಪ್ಪುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ (ಹೊಳಲ್ಕೆರೆ):
ಸರ್, ನನ್ನ ಎರಡೂ ವಿಎಂಗಳಿಗೆ 10.0.2.15 ಎಂಬ ಒಂದೇ ವಿಳಾಸ ಬಂದಿದೆ. ಸ್ಕ್ರಿಪ್ಟ್‌ನಿಂದ ಇದನ್ನು ಬದಲಾಯಿಸಬೇಕೇ?

ಉತ್ತರ:
ಬೇಡ. ನ್ಯಾಟ್‌ನಲ್ಲಿ ಪ್ರತಿ ವಿಎಂಗೂ ಬೇರೆಯದೇ ಆದ ಪುಟ್ಟ ನೆಟ್‌ವರ್ಕ್ ಇರುತ್ತದೆ. ಎಲ್ಲವಕ್ಕೂ ಆ ವಿಳಾಸವೇ ಸಿಗುವುದು ಸಹಜ, ಘರ್ಷಣೆ ಇಲ್ಲ. ಹೋಸ್ಟ್-ಓನ್ಲಿ ಅಡಾಪ್ಟರಿನಲ್ಲಿಯೂ ಒಂದೇ ವಿಳಾಸ ಕಂಡರೆ ಮಾತ್ರ ಎಚ್ಚರ ವಹಿಸಿ. ಒಂದು ವಿಎಂ ಅನ್ನು ಕ್ಲೋನ್ ಮಾಡಿ ಇನ್ನೊಂದನ್ನು ತಯಾರಿಸಿದ್ದರೆ, 08:00:27ರಿಂದ ಆರಂಭವಾಗುವ ಮ್ಯಾಕ್ ವಿಳಾಸ (ಅಡಾಪ್ಟರಿನ ಗುರುತು) ಎರಡರಲ್ಲಿಯೂ ಒಂದೇ ಆಗಿದೆಯೇ ನೋಡಿ, ಆಗಿದ್ದರೆ ಕ್ಲೋನ್‌ನದನ್ನು ಹೊಸದಾಗಿ ಹುಟ್ಟಿಸಿ. ಮ್ಯಾಕ್ ಬೇರೆಯಾಗಿದ್ದರೂ ಉಬುಂಟು ಸರ್ವರ್‌ನಲ್ಲಿ ತೊಂದರೆ ಉಳಿಯಬಹುದು. ಅದು ಡಿಎಚ್‌ಸಿಪಿಗೆ (ನೆಟ್‌ವರ್ಕ್ ವಿಳಾಸ ಹಂಚುವ ಸೇವೆ) ತನ್ನ ಗುರುತನ್ನು ಮಷಿನ್-ಐಡಿಯಿಂದ ಕೊಡುತ್ತದೆ, ಕ್ಲೋನ್‌ನಲ್ಲಿ ಆ ಐಡಿಯೂ ನಕಲಾಗಿರುತ್ತದೆ. ಕ್ಲೋನ್‌ನೊಳಗೆ ಇಟಿಸಿ ಫೋಲ್ಡರಿನ ಮಷಿನ್-ಐಡಿ ಕಡತವನ್ನು ಅಳಿಸದೆ ಬರಿದು ಮಾಡಿ ರೀಬೂಟ್ ಮಾಡಿದರೆ ಹೊಸ ಐಡಿ ಹುಟ್ಟುತ್ತದೆ, ವಿಳಾಸವೂ ಬೇರೆಯಾಗುತ್ತದೆ.