ಕೊರೊನಾ ಸೋಂಕಿನ ಈ ದಿನಗಳಲ್ಲಿ ತಂದೆಯವರಿಗೆ ಎಂಡೋಸ್ಕೋಪಿ ಮಾಡಿಸಬಹುದೇ?

ಪ್ರಶ್ನೆ: ತೇರದಾಳ, ಬಾಗಲಕೋಟೆ ಜಿಲ್ಲೆ (ಮೇ 2021)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 64 ವರ್ಷ. ಸಂಕ್ರಾಂತಿ ಕಳೆದಾಗಿನಿಂದ ಅವರಿಗೆ ರೊಟ್ಟಿ ಗಂಟಲಿನಿಂದ ಕೆಳಗಿಳಿಯುತ್ತಿಲ್ಲ. ಮೊದಮೊದಲು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ಈಗ ನುಚ್ಚು ಮಜ್ಜಿಗೆಯನ್ನೂ ಎರಡು ತುತ್ತು ಉಂಡು, ಎದೆಯ ನಡುವೆ ನಿಂತಿದೆ ಎಂದು ಕೈಯಿಂದ ನೀವಿಕೊಳ್ಳುತ್ತ ಕುಳಿತುಬಿಡುತ್ತಾರೆ. ಅಂಗಿಗಳೆಲ್ಲ ಸಡಿಲವಾಗಿವೆ. ಬೆಳಗಾವಿಗೆ ಹೋಗಿ ಎಂಡೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯನ್ನು ಬಾಯಿಯಿಂದ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮಾಡಿಸಿರೆಂದು ಊರಿನ ವೈದ್ಯರು ಚೀಟಿ ಬರೆದುಕೊಟ್ಟು ಎಂಟು ದಿನಗಳಾದವು. ಲಸಿಕೆಯ ಒಂದು ಡೋಸ್ ಮಾತ್ರ ಆಗಿದೆ. ಮಾಸ್ಕ್ ತೆಗೆದು ಬಾಯಿ ತೆರೆಯಲೇಬೇಕಾದ ಪರೀಕ್ಷೆಯಿದು; ಅದೂ ಹತ್ತಾರು ಜನರ ಹೊಟ್ಟೆಗೆ ಹೋಗಿಬಂದ ಅದೇ ನಳಿಕೆಯಿಂದ. ಅಲೆ ಇಳಿಯುವವರೆಗೆ ಕಾಯುವುದು ಲೇಸೆಂದು ಅವ್ವ ಹೇಳುತ್ತಾಳೆ. ತಿಳಿದವರು ದಯವಿಟ್ಟು ಹೇಳಿರಿ.

ಉತ್ತರ: ಬಸವನ ಬಾಗೇವಾಡಿ

ತಂಗೀ, ಕಾಯುವುದರಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನಷ್ಟೇ ಬರೆಯುತ್ತೇನೆ. ಹೋದ ವರ್ಷ ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಕಾಕಾ ಅವರಿಗೆ ಹೊಟ್ಟೆಯಲ್ಲಿ ಉರಿ ಹೆಚ್ಚಾಗಿ ವೈದ್ಯರು ಇದೇ ಪರೀಕ್ಷೆ ಹೇಳಿದ್ದರು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆಂದು ನಾವೇ ಮೂರು ತಿಂಗಳು ಮುಂದೂಡಿದೆವು. ಒಂದು ದಿನ ಮಲ ಡಾಂಬರಿನಂತೆ ಕಪ್ಪಗಾಯಿತು, ರಾತ್ರಿ ಬಚ್ಚಲಲ್ಲಿ ಕುಸಿದುಬಿದ್ದರು. ಜಠರದ ಹುಣ್ಣಿನಿಂದ ರಕ್ತ ಸೋರುತ್ತಿತ್ತು. ವಿಜಯಪುರಕ್ಕೆ ಒಯ್ದು, ರಕ್ತ ಹಾಕಿಸಿ, ಯಾವುದಕ್ಕೆ ಹೆದರಿದ್ದೆವೋ ಅದೇ ಎಂಡೋಸ್ಕೋಪಿಯನ್ನು ತುರ್ತಾಗಿ ಮಾಡಿಸಬೇಕಾಯಿತು. ಹಿರಿಯರಿಗೆ ನುಂಗಲಾಗದಿರುವುದು, ತೂಕ ಇಳಿಯುವುದು ಇವೆರಡೂ ಕೂಡಿ ಬಂದಿರುವಾಗ ಅಲೆ ಇಳಿಯಲೆಂದು ಕಾಯಬೇಡಿ.

ಉತ್ತರ: ಬೆಳಗಾವಿ, ಎಂಡೋಸ್ಕೋಪಿ ವಿಭಾಗದ ತಂತ್ರಜ್ಞ

ಹನ್ನೊಂದು ವರ್ಷಗಳಿಂದ ಸ್ಕೋಪ್ (ಎಂಡೋಸ್ಕೋಪಿಯ ನಳಿಕೆ) ತೊಳೆಯುವುದೂ ನನ್ನ ಕೆಲಸವಾಗಿರುವುದರಿಂದ, ನಳಿಕೆಯ ಭಯಕ್ಕೆ ಮೊದಲು ಉತ್ತರಿಸುತ್ತೇನೆ. ಪರೀಕ್ಷೆ ಮುಗಿದ ಕೂಡಲೇ, ಲೋಳೆ ಒಣಗುವ ಮೊದಲೇ, ಸ್ಕೋಪಿನ ಹೊರಮೈ ಒರೆಸಿ ಒಳಗಿನ ಕೊಳವೆಗೆ ನೀರು ಹಾಯಿಸುತ್ತೇವೆ. ಆಮೇಲೆ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಗಾಳಿ ತುಂಬಿ ನೋಡಿ, ಕೊಳೆ ಕರಗಿಸುವ ಎಂಜೈಮ್ ದ್ರಾವಣದಲ್ಲಿ ಮುಳುಗಿಸಿ, ಉದ್ದನೆಯ ಸಣ್ಣ ಬ್ರಷ್ಷನ್ನು ಕೊಳವೆಯೊಳಗೆ ತೂರಿಸಿ, ಅದು ಆ ತುದಿಯಲ್ಲಿ ಚೊಕ್ಕಟವಾಗಿ ಹೊರಬರುವವರೆಗೂ ಮತ್ತೆ ಮತ್ತೆ ಉಜ್ಜುತ್ತೇವೆ. ಹೀಗೆ ಉಜ್ಜುವುದೇ ಎಲ್ಲಕ್ಕಿಂತ ಮುಖ್ಯ. ಕೊಳೆ ಉಳಿದಿದ್ದರೆ ಎಂಥ ಔಷಧವೂ ಒಳಗೆ ತಲುಪುವುದಿಲ್ಲ. ನಂತರ ಶೇ. 2ರ ಗ್ಲುಟರಾಲ್ಡಿಹೈಡ್ ಎಂಬ ಸೋಂಕುನಿವಾರಕದಲ್ಲಿ 20 ನಿಮಿಷ, ಅಥವಾ ಅದಕ್ಕೆ ಸಮನಾದ ಬೇರೆ ದ್ರಾವಣದಲ್ಲಿ ಅದಕ್ಕೆ ಹೇಳಿದಷ್ಟು ಹೊತ್ತು ಇಟ್ಟು, ಶುದ್ಧ ನೀರಿನಲ್ಲಿ ತೊಳೆದು, ಸ್ಪಿರಿಟ್ ಹಾಯಿಸಿ, ಗಾಳಿಯಿಂದ ಒಣಗಿಸಿ ತೂಗುಹಾಕುತ್ತೇವೆ. ಕೊರೊನಾ ವೈರಾಣುವಿಗೆ ಕೊಬ್ಬಿನ ಹೊರಪದರವಿರುವುದರಿಂದ ಇಂಥ ದ್ರಾವಣಕ್ಕೆ ಅದು ಬೇಗನೆ ಸಾಯುತ್ತದೆ. ಇದಕ್ಕಿಂತ ಹಟಮಾರಿಯಾದ ಕ್ಷಯದ ಸೂಕ್ಷ್ಮಾಣುವನ್ನೂ ಕೊಲ್ಲುವ ವಿಧಾನವಿದು.

ನಿಜವಾದ ಅಪಾಯ ಉಸಿರಿನಲ್ಲಿದೆ. ಸ್ಕೋಪ್ ಗಂಟಲು ದಾಟುವಾಗ ರೋಗಿಗೆ ಓಕರಿಕೆ, ಕೆಮ್ಮು ಬರುತ್ತದೆ, ಹನಿಗಳು ಗಾಳಿಗೆ ಸೇರುತ್ತವೆ. ಅದರಿಂದ ಹೆಚ್ಚು ತೊಂದರೆಗೆ ಒಳಗಾಗುವವರು ಹತ್ತಿರ ನಿಂತಿರುವ ಸಿಬ್ಬಂದಿ. ಎನ್‌95 ಮಾಸ್ಕ್, ಮುಖಗವಚ, ನಿಲುವಂಗಿ ಧರಿಸುವುದು ಇದಕ್ಕಾಗಿಯೇ. ಹೋದ ವರ್ಷದ ಮೊದಲ ಅಲೆಯಲ್ಲಿ ಉತ್ತರ ಇಟಲಿಯ 41 ಕೇಂದ್ರಗಳಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡ 802 ರೋಗಿಗಳನ್ನು ಆಮೇಲೆ ವಿಚಾರಿಸಿದಾಗ ಪಾಸಿಟಿವ್ ಎಂದು ಖಚಿತವಾದದ್ದು ಒಬ್ಬರಲ್ಲಿ ಮಾತ್ರ. ಅದೇ ಕೇಂದ್ರಗಳ 968 ಸಿಬ್ಬಂದಿಯಲ್ಲಿ 42 ಜನರಿಗೆ ಸೋಂಕು ತಗಲಿತ್ತು, ಹೆಚ್ಚಿನವರಿಗೆ ರಕ್ಷಣಾ ಕ್ರಮಗಳು ಜಾರಿಗೆ ಬರುವ ಮೊದಲೇ.

ಹಿಂದಿನ ರೋಗಿ ಬಿಟ್ಟುಹೋದ ಗಾಳಿಯೂ ಗಮನಿಸಬೇಕಾದದ್ದು. ವಿಶೇಷ ಗಾಳಿ ವ್ಯವಸ್ಥೆಯಿಲ್ಲದ ಕೋಣೆಯಲ್ಲಿ ಇಬ್ಬರು ರೋಗಿಗಳ ನಡುವೆ ಸುಮಾರು ಒಂದು ಗಂಟೆ ಬಿಡುವುದು ಈ ಸೋಂಕಿನ ದಿನಗಳ ವಾಡಿಕೆ. ಬೆಳಗಿನ ಮೊದಲ ಪಾಳಿ ಕೇಳಿರಿ, ಜೊತೆಗೆ ಒಬ್ಬರೇ ಬನ್ನಿ. ಒಂದೆರಡು ದಿನ ಮುಂಚೆ ಆರ್‌ಟಿ-ಪಿಸಿಆರ್ ಕೇಳುತ್ತಾರೆ. ನೆಗೆಟಿವ್ ಬಂದರೂ ಮಾಸ್ಕ್ ಬಿಡಬೇಡಿ, ಏಕೆಂದರೆ ಸೋಂಕಿರುವ ಕೆಲವರು ಆ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುವವರೆಗೂ ಮಾಸ್ಕ್ ಇರಲಿ.

ಉತ್ತರ: ನವನಗರ, ಬಾಗಲಕೋಟೆ

ಮೇಲಿನವರು ಬರೆದದ್ದು ಸರಿಯಾಗಿ ನಡೆಯುವ ಕಡೆಯ ಮಾತು. ಎರಡು ವರ್ಷದ ಹಿಂದೆ ನನ್ನನ್ನು ಒಂದು ಕಡೆ ಪರೀಕ್ಷಿಸಿದಾಗ, ನನಗಿಂತ ಮೊದಲಿನವರಿಗೆ ಬಳಸಿದ ಸ್ಕೋಪನ್ನು ಹತ್ತು ನಿಮಿಷದೊಳಗೆ ಬಟ್ಟೆಯಿಂದ ಒರೆಸಿ ತಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಾಮಾನ್ಯ ಜನ ಇದನ್ನು ಹೇಗೆ ಕೇಳಬೇಕು?

ಉತ್ತರ: ಬೆಳಗಾವಿ, ತಂತ್ರಜ್ಞ

ನೀವು ಕಂಡದ್ದು ದೊಡ್ಡ ತಪ್ಪು; ಅಲ್ಲಿ ಕೊರೊನಾಕ್ಕಿಂತ ಮೊದಲೇ ಬೇರೆ ಸೋಂಕುಗಳ ಭಯವಿತ್ತು. ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮಲ್ಲಿ ಎಷ್ಟು ಸ್ಕೋಪ್‌ಗಳಿವೆ, ಇಂದು ಎಷ್ಟು ಜನರಿದ್ದಾರೆ ಎಂದು ಕೇಳಿರಿ. ಒಂದು ಸ್ಕೋಪ್ ಸರಿಯಾಗಿ ತೊಳೆದು ಸಿದ್ಧವಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಒಂದೇ ಸ್ಕೋಪಿನಲ್ಲಿ ಬೆಳಗಿನೊಳಗೆ ಹದಿನೈದು ಜನ ಮುಗಿಯುತ್ತಾರೆಂದರೆ ಲೆಕ್ಕ ಕೂಡುವುದಿಲ್ಲ. ಪರೀಕ್ಷೆಗೆಂದು ಒಳಗಿನ ಮಾಂಸದ ತುಣುಕು ತೆಗೆಯುವ ಚಿಮಟ ಹೊಸದೋ, ಆಟೋಕ್ಲೇವ್ (ಒತ್ತಡದ ಬಿಸಿ ಹಬೆಯಲ್ಲಿ ಶುದ್ಧಿ) ಮಾಡಿದ್ದೋ ಎಂಬುದನ್ನೂ ಕೇಳಿರಿ. ತೊಳೆದದ್ದರ ದಾಖಲೆ ಪುಸ್ತಕ ಇಟ್ಟಿರುವ ಸಿಬ್ಬಂದಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ತೇರದಾಳ, ಹನ್ನೆರಡು ದಿನಗಳ ನಂತರ

ನಿಮ್ಮೆಲ್ಲರ ಮಾತು ಓದಿ ಅವ್ವ ಒಪ್ಪಿದಳು. ಬಸ್ಸುಗಳಿಲ್ಲದ ಕಾರಣ ವೈದ್ಯರ ಚೀಟಿ ಹಿಡಿದುಕೊಂಡು ಬಾಡಿಗೆ ಕಾರಿನಲ್ಲಿ ನಸುಕಿನಲ್ಲೇ ಹೊರಟೆವು. ಅಪ್ಪ ಎರಡನೆಯ ಪಾಳಿಯವರು. ಮೊದಲಿನವರು ಹೊರಬಂದ ಮೇಲೆ ಕಿಟಕಿ ತೆರೆದಿಟ್ಟು ಒಂದು ಗಂಟೆ ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಸ್ಕೋಪುಗಳ ಲೆಕ್ಕ ಕೇಳಿದೆ; ನರ್ಸ್ ಅಕ್ಕ ಪುಸ್ತಕವನ್ನೇ ತೆರೆದು ತೋರಿಸಿದರು. ಅನ್ನನಾಳದ ಕೆಳತುದಿ ಕಿರಿದಾಗಿದೆಯಂತೆ, ತುಣುಕು ತೆಗೆದು ಕಳುಹಿಸಿದ್ದಾರೆ. ಇಂದಿಗೆ ಏಳನೆಯ ದಿನ; ಅಪ್ಪನಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಹದಿನಾಲ್ಕು ದಿನ ಮುಗಿಯುವವರೆಗೆ ಪಡಸಾಲೆಯ ಕೋಣೆಯಲ್ಲಿ ಬೇರೆಯೇ ಮಲಗಿಸಿದ್ದೇವೆ. ವರದಿ ಸೋಮವಾರ ಬರುತ್ತದೆ, ಬಂದ ಮೇಲೆ ಬರೆಯುತ್ತೇನೆ.