ಟ್ರಾಲಿ ಜನರೇಟರ್ ರಾತ್ರಿ ಓಡ್ತೈತಿ, ಮಧ್ಯಾಹ್ನ ಹೀಟ್ ಆಗಿ ಬಂದ್ ಬೀಳ್ತೈತಿ

ಪೆಂಡಾಲ್_ಗದಗ
62.5 ಕೆವಿಎ ಡೀಸೆಲ್ ಜನರೇಟರ್, ಸೈಲೆಂಟ್ ಕ್ಯಾನೊಪಿ (ಸಪ್ಪಳ ತಡಿಯೋ ಡಬ್ಬಿ), ನಾಲ್ಕು ಗಾಲಿ ಟ್ರಾಲಿ ಮ್ಯಾಲೆ ಐತಿ. ಟ್ರ್ಯಾಕ್ಟರಿಗೆ ಹಚ್ಚಿ ಮದುವಿ, ಜಾತ್ರಿಗೆ ಒಯ್ಯೂದು. ರಾತ್ರಿ ಎಷ್ಟು ಓಡಿಸಿದ್ರೂ ಏನೂ ಆಗೂದಿಲ್ಲ. ಬಿಸಲು 38 ಡಿಗ್ರಿಗೆ ಬಂತಂದ್ರ ಒಂದೂವರಿ ತಾಸಿಗೆ ವಾಟರ್ ಟೆಂಪರೇಚರ್ ಅಲಾರ್ಮ್ ಹೊಡದು ಬಂದ್. ನೀರು ಫುಲ್ ಐತಿ, ಬೆಲ್ಟ್ ಹೊಸಾದು. ಬಾಗಲಾ ತಗದಿಟ್ರೂ ಫರಕ್ ಇಲ್ಲ. ಥರ್ಮೋಸ್ಟ್ಯಾಟ್ (ನೀರು ಕಾದ ಮ್ಯಾಲೆ ರೇಡಿಯೇಟರ್ ದಾರಿ ತೆರಿಯೋ ವಾಲ್ವ್) ತಗದು ಒಗೀರಿ ಅಂತಾರ. ಒಗೀಲೇನ್ರಿ?

ಡಿಜಿ_ಹುಬ್ಬಳ್ಳಿ
ಒಗೀಬ್ಯಾಡ್ರಿ. ಬೈಪಾಸ್ (ರೇಡಿಯೇಟರ್ ಬಿಟ್ಟು ನೀರು ತಿರುಗೋ ದಾರಿ) ಇರೋ ಇಂಜಿನ್ನಿನ್ಯಾಗ ಆ ದಾರಿ ಮುಚ್ಚೂದೂ ಥರ್ಮೋಸ್ಟ್ಯಾಟೇ. ಅದನ್ನ ತಗದ್ರ ಒಂದಿಷ್ಟು ಬಿಸಿನೀರು ರೇಡಿಯೇಟರ್ ಮುಟ್ಟದನ ತಿರುಗಿ ಇಂಜಿನ್ನಿಗೇ ಬರ್ತೈತಿ. ಸಂಶಯ ಇದ್ರ ಬಿಚ್ಚಿ ಬೋಗಾಣಿ ನೀರಿನ್ಯಾಗ ತೂಗಬಿಟ್ಟು ಕಾಸ್ರಿ. 82 ಅಂತ ಹೊಡದಿದ್ದು 82ರ ಆಜೂಬಾಜೂ ಬಾಯಿ ಬಿಡಬೇಕು, 95ರ ಹೊತ್ತಿಗೆ ಪೂರ್ತಿ ತೆರದಿರಬೇಕು.

ರಾತ್ರಿ ಯಾಕ ಓಡ್ತೈತಿ ಅಂದ್ರ, ಥರ್ಮೋಸ್ಟ್ಯಾಟ್ ಪೂರ್ತಿ ತೆರದ ಮ್ಯಾಲೆ, ಲೋಡ್ ಅಷ್ಟೇ ಇದ್ರ, ನೀರು ಹೊರಗಿನ ಗಾಳಿಗಿಂತ ಹೆಚ್ಚುಕಡಿಮಿ ಅಷ್ಟೇ ಡಿಗ್ರಿ ಮ್ಯಾಲೆ ನಿಲ್ತೈತಿ. ಆ ಅಂತರ 65 ಅಂತ ಹಿಡೀರಿ. 25 ಡಿಗ್ರಿ ಗಾಳಿಗೆ ನೀರು 90, ಅಲಾರ್ಮ್ ಇಲ್ಲ. 38ಕ್ಕ 103, ಟ್ರಿಪ್. ರೋಗ ರಾತ್ರೀನೂ ಐತಿ, ಕಾಣೂದಿಲ್ಲ ಅಷ್ಟ. ಆ 65ನ್ನ ಇಳಿಸೂದು ನಿಮ್ಮ ಕೆಲಸ.

ಮೊದಲ ರೇಡಿಯೇಟರಿನ ಒಳಮಗ್ಗಲು ನೋಡ್ರಿ. ಈ ನಮೂನಿ ಡಿಜಿ (ಡೀಸೆಲ್ ಜನರೇಟರ್) ಫ್ಯಾನ್ ಕಾರಿನಂಗ ಗಾಳಿ ಎಳ್ಕೊಳ್ಳೂದಿಲ್ಲ, ಹೊರಗ ತಳ್ತೈತಿ. ಹಿಂಗಾಗಿ ಕಸ ಕೂಡೂದು ಫ್ಯಾನಿನ ಕಡೆ, ಹೊರಗಿನ ಮಾರಿ ಮಾತ್ರ ಛೊಲೋ ಕಾಣ್ತಿರ್ತೈತಿ. ಎರಿಮಣ್ಣಿನ ಧೂಳಿ, ಹತ್ತಿ ಎಳಿ, ಜ್ವಾಳದ ಹೊಟ್ಟು, ಅದರ ಮ್ಯಾಲೆ ಬ್ರೀದರ್ ಪೈಪಿನ (ಇಂಜಿನ್ ಒಳಗಿನ ಹಬೆ ಹೊರಗ ಬಿಡೋ ಪೈಪ್) ಆಯಿಲ್ ಹಬೆ ಕುಂತ್ರ ಕಂಬಳಿ ಹೊಚ್ಚಿದಂಗ. ಇಂಟರ್‌ಕೂಲರ್ (ಟರ್ಬೊದಿಂದ ಬರೋ ಗಾಳಿ ಆರಿಸೂದು) ಇದ್ರ ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿನ್ಯಾಗೂ ತುಂಬಿರ್ತೈತಿ.

ಇಂಜಿನ್ ಆರಿದ ಮ್ಯಾಲೆ ಬ್ಯಾಟರಿ ನೆಗೆಟಿವ್ ಬಿಚ್ರಿ, ಆಲ್ಟರ್ನೇಟರಿಗೆ, ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಹೊಚ್ರಿ. ಫ್ಯಾನ್ ಕಡೆಯಿಂದ ಡಿಗ್ರೀಸರ್ ಹೊಡದು 15 ನಿಮಿಷ ಬಿಡ್ರಿ. ಕಾಸ್ಟಿಕ್ ಸೋಡಾ ಬ್ಯಾಡ, ಅಲ್ಯುಮಿನಿಯಂ ತಿಂತೈತಿ. ಆಮ್ಯಾಲೆ ಹೊರಗಿನಿಂದ ಒಳಗ, ಗಾಳಿ ಹೋಗೋ ದಿಕ್ಕಿಗೆ ಉಲ್ಟಾ, ಸಾದಾ ಪೈಪ್ ನೀರು ನೆಟ್ಟಗ ಹಿಡೀರಿ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಸಮೀಪ ಹಿಡದ್ರ ರೇಡಿಯೇಟರಿನ ಫಿನ್ (ತೆಳ್ಳನ ಪಟ್ಟಿ) ಮಡಚಿ ಗಾಳಿ ಹಾದಿ ಮತ್ತ ಬಂದ್ ಆಗ್ತೈತಿ. ಇಳಿಯೋ ನೀರು ತಿಳಿ ಆಗೂತನಕ ತೊಳೀರಿ.

ಟ್ರಾಲಿ ಕುಲುಕಾಟಕ್ಕ ಫ್ಯಾನ್ ಶ್ರೌಡಿನ (ಫ್ಯಾನ್ ಸುತ್ತಲಿನ ತಗಡು) ಬೋಲ್ಟ್ ಸಡ್ಲ ಆಗ್ತಾವ, ರೇಡಿಯೇಟರ್ ಸುತ್ತಲಿನ ಫೋಮ್ ಹರೀತೈತಿ. ಆ ಸಂದಿನಿಂದ ಬಿಸಿಗಾಳಿ ಕ್ಯಾನೊಪಿ ಒಳಗೇ ತಿರುಗಿ ಬರ್ತೈತಿ. ಬಾಗಲಾ ತಗದಾಗ ಆಗೂದೂ ಇದೇ. ಮ್ಯಾಲಾಗಿ ಆಲ್ಟರ್ನೇಟರ್ ಮ್ಯಾಲಿಂದ ಬರಬೇಕಾದ ಗಾಳಿ ಬಾಗಲದಿಂದ ಸೀದಾ ಫ್ಯಾನಿಗೆ ಹೋಗಿ ಆಲ್ಟರ್ನೇಟರೂ ಕಾಯ್ತೈತಿ. ಮುಚ್ಚೇ ಓಡಿಸ್ರಿ.

ರೇಡಿಯೇಟರ್_ಹಾವೇರಿ
ನೀರು ಫುಲ್ ಅಂದಿದ್ದೀರಿ, ಯಾವ ನೀರು? ಬೋರ್ ನೀರಾಗಿದ್ದರೆ ರೇಡಿಯೇಟರ್ ಕೊಳವೆಯೊಳಗೆ ಸುಣ್ಣದ ಹಕ್ಕಳೆ ಕಟ್ಟಿರುತ್ತದೆ, ಹೊರಗೆ ಎಷ್ಟು ತೊಳೆದರೂ ಅಷ್ಟೇ. ಫುಲ್ ಲೋಡಿನಲ್ಲಿ ಟೆಂಪರೇಚರ್ ಗನ್ನಿನಿಂದ ಮೇಲಿನ ಹೋಸ್, ಕೆಳಗಿನ ಹೋಸ್ ಎರಡನ್ನೂ ಅಳೆಯಿರಿ. ಅಂತರ ಸುಮಾರು 6ರಿಂದ 10 ಡಿಗ್ರಿ ಇರುತ್ತದೆ. 20 ಬಂದರೆ ನೀರೇ ಸರಿಯಾಗಿ ಹರಿಯುತ್ತಿಲ್ಲ: ಪಂಪ್, ಥರ್ಮೋಸ್ಟ್ಯಾಟ್ ಇಲ್ಲವೇ ಕಟ್ಟಿದ ಕೊಳವೆ. ಎರಡೂ ಹೋಸ್ ಹೆಚ್ಚುಕಡಿಮೆ ಒಂದೇ ಬಿಸಿ ಇದ್ದರೆ ತೊಂದರೆ ರೇಡಿಯೇಟರ್ ಮೂಲಕ ಹಾಯುವ ಗಾಳಿಯದು.

ತುಂಬುವಾಗ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಟ್ರಾಲಿಯನ್ನು ಜಾಕ್ ಕೊಟ್ಟು ಮಟ್ಟ ಮಾಡಿ, ನಿಧಾನ ಸುರಿಯಿರಿ. ವಾಲಿದ್ದರೆ ಒಳಗೆ ಗಾಳಿ ಉಳಿಯುತ್ತದೆ. 15 ನಿಮಿಷ ಲೋಡಿಲ್ಲದೆ ಓಡಿಸಿ, ಆರಿದ ಮೇಲೆ ಮತ್ತೆ ಮಟ್ಟ ನೋಡಿ. ಕ್ಯಾಪಿನ ರಬ್ಬರ್ ಒಣಗಿದ್ದರೆ ಹೊಸದು ಹಾಕಿ, ಮೇಲೆ ಬರೆದ ಪ್ರೆಷರಿನದೇ ಇರಲಿ.

ಕ್ಲ್ಯಾಂಪ್ ಮೀಟರೂ ಹಿಡಿಯಿರಿ. 415 ವೋಲ್ಟಿಗೆ ಈ ಸೆಟ್ಟಿನ ಮಿತಿ ಫೇಸಿಗೆ 87 ಆಂಪ್. ಮಧ್ಯಾಹ್ನ ಏರ್‌ಕೂಲರ್‌ಗಳು ಸೇರಿಕೊಂಡರೆ ಲೋಡೇ ಬೇರೆ.

ಪೆಂಡಾಲ್_ಗದಗ
ಫೇಸಿಗೆ 61, 64, 58. ಹೋಸ್ ಅಂತರ 5 ಡಿಗ್ರಿ. ಒಳಮಗ್ಗಲು ತೊಳದ್ರ ಮಸಿ ನೀರು ಇಳೀತು, ಆದ್ರೂ ನಿನ್ನೆ 99ಕ್ಕ ಹೋತು. ನೆರಳಿನ್ಯಾಗ 38 ಇದ್ದಾಗ ಗಾಳಿ ಒಳಗ ಹೋಗೋ ಜಾಳಿಗಿ ಹತ್ರ ಥರ್ಮಾಮೀಟರ್ 46 ತೋರಸ್ತೈತಿ. ರೇಡಿಯೇಟರ್ ಮುಂದ ನಾಕು ಫೂಟಿಗೆ ಪೆಂಡಾಲ್ ಪರದೆ ಐತಿ.

ಡಿಜಿ_ಹುಬ್ಬಳ್ಳಿ
ಆ 8 ಡಿಗ್ರಿ ನಿಮ್ಮ ಡಿಜಿ ಬಿಟ್ಟ ಗಾಳೀನೇ, ಪರದೆಗೆ ಬಡದು ತಿರುಗಿ ಜಾಳಿಗಿಗೆ ಬರಾಕತ್ತೈತಿ. ರೇಡಿಯೇಟರ್ ಮುಂದ ಕಡಿಮಿ ಅಂದ್ರೂ 10 ಫೂಟ್ ಬಯಲು ಬಿಡ್ರಿ. ಪಡುವಣ ಗಾಳಿ ಇದ್ರ ರೇಡಿಯೇಟರ್ ಮಾರಿ ಮೂಡಣಕ್ಕ ತಿರುಗಿಸ್ರಿ; ಎದುರುಗಾಳಿ ಫ್ಯಾನನ್ನ ಒತ್ತಿ ಹಿಡೀತೈತಿ. ನೆರಳಿಗೆ ತಾಡಪತ್ರಿ ಕಟ್ಟೂದಾದ್ರ ಕ್ಯಾನೊಪಿಗಿಂತ 5 ಫೂಟ್ ಎತ್ತರ, ನಾಕೂ ಮಗ್ಗಲು ಬಿಚ್ಚಿರಲಿ, ಸೈಲೆನ್ಸರ್ ಬಾಯಿ ಅದರ ಕೆಳಗ ಬರಬಾರ್ದು. ಜಾಳಿಗಿಗೆ ಹಸಿ ತಟ್ಟು ಕಟ್ಟೂದು, ರೇಡಿಯೇಟರಿಗೆ ಬೋರ್ ನೀರು ಹೊಡಿಯೂದು ಎರಡೂ ಬ್ಯಾಡ. ತಟ್ಟು ಗಾಳಿ ತಡೀತೈತಿ, ನೀರು ಆರಿ ಫಿನ್ ಮ್ಯಾಲೆ ಸುಣ್ಣ ಬಿಡ್ತೈತಿ.

ಮುಳ್ಳು ಏರಾಕತ್ತಿದ್ದು ಕಂಡ್ರ ಮೊದಲ ಲೋಡ್ ತಗೀರಿ, 3ರಿಂದ 5 ನಿಮಿಷ ಖಾಲಿ ಓಡಿಸಿ ಬಂದ್ ಮಾಡ್ರಿ. ನೀರು ಸೋರಿದ್ದು ಕಂಡ್ರ ಮಾತ್ರ ಆಗಿಂದಾಗ ಬಂದ್. ಕ್ಯಾಪಿಗೆ ಒಂದು ತಾಸು ಕೈ ಹಚ್ಚಬ್ಯಾಡ್ರಿ.

ಪೆಂಡಾಲ್_ಗದಗ
ಟ್ರಾಲಿ ತಿರುಗಿಸಿ ಬಯಲಿಗೆ ನಿಲ್ಲಿಸಿದ್ವಿ. ಇವತ್ತು ಮಧ್ಯಾಹ್ನ 3ಕ್ಕ ಜಾಳಿಗಿ ಹತ್ರ 40, ನೀರು 92.